33 ಸೆಂಟಿಮೀಟರ್ ಮಾರುತ್

ಸ್ಪಿಟ್‌ಫೈರ್ ವಿಮಾನದ ಮಾಡೆಲ್ ಬೇಕಾ? ಬೇಕಾದಷ್ಟು ಕಿಟ್ ಇವೆ. ಮಿಗ್-21? ಅದಕ್ಕೂ ಬರ ಇಲ್ಲ. ಡಬ್ಬಿ ಬಿಚ್ಚಿ, ಪ್ಲಾಸ್ಟಿಕ್ ಭಾಗಗಳನ್ನು ಕತ್ತರಿಸಿ, ಅಂಟಿಸಿ, ಬಣ್ಣ ಹೊಡೆದರೆ ವಿಮಾನ ರೆಡಿ. ನನಗೆ ಬೇಕಾಗಿದ್ದು ಎಚ್‌ಎಫ್-24 ಮಾರುತ್, ನಮ್ಮ ದೇಶದಲ್ಲೇ ಮಾಡಿದ ಯುದ್ಧವಿಮಾನ. ಅದೂ 1/48ರ ಅಳತೆಯಲ್ಲಿ, ಅಂದರೆ ನಿಜವಾದ ವಿಮಾನದ ನಲವತ್ತೆಂಟನೇ ಒಂದು ಭಾಗ. ಅದು ನನಗೆ ಎಲ್ಲೂ ಸಿಗಲಿಲ್ಲ. ಕೊಳ್ಳೋಕೆ ಸಿಗದಿದ್ದರೆ ಮಾಡಿಕೊಳ್ಳಬೇಕು ಅಷ್ಟೆ. ಮರ, ಪ್ಲಾಸ್ಟಿಕ್ ಹಾಳೆ, ಹಿತ್ತಾಳೆ ಸಲಾಕೆ ಇಟ್ಟುಕೊಂಡು ಬುಡದಿಂದ ಕಟ್ಟುವ ಈ ಕೆಲಸಕ್ಕೆ ಮಾಡೆಲ್ ಮಾಡುವವರು ಸ್ಕ್ರ್ಯಾಚ್ ಬಿಲ್ಡ್ ಅನ್ನುತ್ತಾರೆ. ಕಿಟ್ ಕಟ್ಟಿ ಅಭ್ಯಾಸ ಇದ್ದವರಿಗೂ ಇದು ಬೇರೆಯೇ ಆಟ. ಇಲ್ಲಿ ನಿಮಗಿಂತ ಮುಂಚೆ ಯಾರೂ ಯೋಚನೆ ಮಾಡಿರುವುದಿಲ್ಲ.

ಯಾಕೆ ಮಾರುತ್ ಅಂತ ಕೇಳಿದವರಿಗೆ ಮೈಸೂರಿನವನ ಜಂಬದಿಂದಲೇ ಉತ್ತರ ಕೊಡುತ್ತೇನೆ. 1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಶುರು ಮಾಡಿದಾಗ ಅದರಲ್ಲಿ ಮೈಸೂರು ಸಂಸ್ಥಾನದ ದುಡ್ಡೂ ಇತ್ತು. ಅದೇ ಮುಂದೆ ಎಚ್‌ಎಎಲ್ ಆಯಿತು. ಮಾರುತ್ ಹುಟ್ಟಿದ್ದು ಅಲ್ಲೇ. ವಿನ್ಯಾಸದ ಮುಂದಾಳು ಜರ್ಮನಿಯ ಕುರ್ಟ್ ಟ್ಯಾಂಕ್. ಎರಡನೇ ಮಹಾಯುದ್ಧದ ಫೋಕೆ-ವುಲ್ಫ್ 190 ಕೂಡ ಅವರದೇ. 1961ರ ಜೂನ್ 17ರಂದು ಟೆಸ್ಟ್ ಪೈಲಟ್ ಸುರಂಜನ್ ದಾಸ್ ಇದನ್ನು ಮೊದಲ ಸಲ ಹಾರಿಸಿದರು. ಶಬ್ದದ ಎರಡರಷ್ಟು ವೇಗ ಬೇಕು ಅಂತ ಹೊರಟ ವಿಮಾನ ಇದು. ಆದರೆ ಅದಕ್ಕೆ ತಕ್ಕ ಇಂಜಿನ್ ಕೊನೆಗೂ ದಕ್ಕಲಿಲ್ಲ. ಆಫ್ಟರ್‌ಬರ್ನರ್ (ಇಂಜಿನ್ನಿನ ಹಿಂದೆ ಇನ್ನಷ್ಟು ಇಂಧನ ಉರಿಸಿ ಹೆಚ್ಚು ನೂಕುಬಲ ಕೊಡುವ ಭಾಗ) ಇಲ್ಲದ ಎರಡು ಆರ್ಫಿಯಸ್ 703 ಇಂಜಿನ್‌ಗಳಲ್ಲೇ ಜೀವನ ಸಾಗಿಸಿತು. ಹೆಚ್ಚು ಶಕ್ತಿಯ ಇಂಜಿನ್‌ಗಾಗಿ ಪ್ರಯೋಗ ನಡೆಯುತ್ತಿದ್ದಾಗ, 1970ರ ಜನವರಿಯಲ್ಲಿ, ಅಂಥದ್ದೇ ಒಂದು ಮಾರುತ್ ಬಿದ್ದು ದಾಸ್ ತೀರಿಕೊಂಡರು. ಬೆಂಗಳೂರಿನ ಸುರಂಜನ್ ದಾಸ್ ರಸ್ತೆ ಅವರ ಹೆಸರಿನದ್ದೇ. ದಿನಾ ಅಲ್ಲಿ ಟ್ರಾಫಿಕ್‌ನಲ್ಲಿ ನಿಲ್ಲುವವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತೋ! ಇಷ್ಟೆಲ್ಲ ಆಗಿಯೂ 147 ವಿಮಾನ ತಯಾರಾದವು, 1971ರ ಯುದ್ಧದಲ್ಲಿ ರಾಜಸ್ಥಾನದ ಕಡೆ ಚೆನ್ನಾಗಿಯೇ ಕೆಲಸ ಮಾಡಿದವು. ಜೊತೆಗೆ, ನನ್ನ ಕಣ್ಣಿಗೆ, ಅದು ತುಂಬಾ ಚಂದದ ವಿಮಾನ. ಉಳಿದ ಕಾರಣಗಳು ಇಲ್ಲದಿದ್ದರೂ ಇದೊಂದು ಸಾಕಿತ್ತು.

ಮೊದಲು ಲೆಕ್ಕ. ಮಾರುತ್‌ನ ಉದ್ದ 15.87 ಮೀಟರ್. 48ರಿಂದ ಭಾಗಿಸಿದರೆ 330.6 ಮಿ.ಮೀ. ರೆಕ್ಕೆಯ ತುದಿಯಿಂದ ತುದಿಗೆ 9 ಮೀಟರ್, ಅಂದರೆ 187.5 ಮಿ.ಮೀ. ಎತ್ತರ 3.6 ಮೀಟರ್, ಅಂದರೆ 75 ಮಿ.ಮೀ. ಕಪಾಟಿನಲ್ಲಿ ಕೂರುತ್ತದೆ, ಕೈಗೂ ಹಿಡಿತ ಸಿಗುತ್ತದೆ. 1/72 ಆಗಿದ್ದರೆ ಸಣ್ಣ ಭಾಗಗಳನ್ನು ಮಾಡೋಕೆ ನನ್ನ ಕಣ್ಣು ಸಾಲುತ್ತಿರಲಿಲ್ಲ.

ಆಮೇಲೆ ನಕ್ಷೆ. ಮಾರುತ್‌ನ ಮೂರು ದಿಕ್ಕಿನ ರೇಖಾಚಿತ್ರಗಳು ಹುಡುಕಿದರೆ ಸಿಗುತ್ತವೆ. ತೊಂದರೆ ಏನೆಂದರೆ ಒಂದರಂತೆ ಇನ್ನೊಂದು ಇರುವುದಿಲ್ಲ. ಒಂದು ಚಿತ್ರವನ್ನು ಉದ್ದ ಸರಿಯಾಗಿ 330.6 ಬರುವಂತೆ ಪ್ರಿಂಟ್ ಹಾಕಿಸಿದರೆ ರೆಕ್ಕೆ ಜಾಸ್ತಿ ಬರುತ್ತದೆ. ಇನ್ನೊಂದರಲ್ಲಿ ಎರಡೂ ಸರಿ, ಆದರೆ ಮೇಲಿನಿಂದ ನೋಡಿದ ಚಿತ್ರಕ್ಕೂ ಪಕ್ಕದ ಚಿತ್ರಕ್ಕೂ ತಾಳಮೇಳ ಇಲ್ಲ. ಹಾಗಾಗಿ ನಕ್ಷೆಯನ್ನು ನಂಬದೆ ವಿಮಾನವನ್ನೇ ನೋಡೋಣ ಅಂತ ಬೆಂಗಳೂರಿಗೆ ಹೋದೆ. ಎಚ್‌ಎಎಲ್‌ನ ವಸ್ತುಸಂಗ್ರಹಾಲಯದಲ್ಲಿ ಒಂದು ಮಾರುತ್ ಇದೆ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಇನ್ನೊಂದು.

ಫೋಟೋ ತೆಗೆಯೋದರಲ್ಲಿ ಒಂದು ಗುಟ್ಟು ಇದೆ. ಹತ್ತಿರ ನಿಂತು ತೆಗೆದರೆ ನಿಮ್ಮ ಕಡೆಗಿರುವ ಭಾಗ ದೊಡ್ಡದಾಗಿ, ಆಚೆಯದು ಚಿಕ್ಕದಾಗಿ ಬರುತ್ತದೆ. ಅಂಥ ಫೋಟೋದಿಂದ ಅಳತೆ ತೆಗೆದರೆ ಮೂಗು ದಪ್ಪ, ಬಾಲ ಸಣ್ಣ ಆಗಿ ಕೂರುತ್ತದೆ. ಆದಷ್ಟು ದೂರ ಹೋಗಿ, ಜೂಮ್ ಹಾಕಿ, ವಿಮಾನದ ಮಧ್ಯಕ್ಕೆ ನೇರವಾಗಿ ನಿಂತು ತೆಗೆಯಬೇಕು. ಚಿಕ್ಕ ಭಾಗಗಳಿಗೆ ಮಾತ್ರ ಹತ್ತಿರ ಹೋಗಬೇಕು, ಅದೂ ಪಕ್ಕದಲ್ಲಿ ಒಂದು ಸ್ಕೇಲ್ ಹಿಡಿದು. ಜೊತೆಗೆ ಬಂದಿದ್ದ ನನ್ನ ಭಾವಮೈದ ಹೀಗೆ ಸ್ಕೇಲ್ ಹಿಡಿದು ಹಿಡಿದು ಸುಸ್ತಾಗಿ, "ಭಾವ, ಮುಂದಿನ ಸಲ ಸೈಕಲ್ ಮಾಡಿ, ಮನೇಲೇ ಇದೆ" ಅಂದ.

ಮಾರುತ್‌ನ ಜೀವ ಇರುವುದು ಅದರ ಸೊಂಟದಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ವಿಮಾನ ಶಬ್ದದ ವೇಗದ ಹತ್ತಿರ ಹೋದಾಗ ಗಾಳಿಯ ತಡೆ ದಿಢೀರ್ ಅಂತ ಏರುತ್ತದೆ. ಆ ತಡೆ ಬರೀ ಒಡಲಿನ ಆಕಾರದ ಮೇಲೆ ನಿಂತಿಲ್ಲ. ಮೂಗಿನಿಂದ ಬಾಲದವರೆಗೆ ಎಲ್ಲಿ ಕತ್ತರಿಸಿ ನೋಡಿದರೂ ಒಡಲು, ರೆಕ್ಕೆ ಎಲ್ಲ ಸೇರಿಸಿ ಎಷ್ಟು ವಿಸ್ತೀರ್ಣದ ಕೊರೆ, ಅಂದರೆ ಅಡ್ಡ ಕತ್ತರಿಸಿದ ಮುಖ, ಸಿಗುತ್ತದೆ, ಅದು ಹೇಗೆ ಏರಿ ಇಳಿಯುತ್ತದೆ ಅನ್ನುವುದರ ಮೇಲೆ ನಿಂತಿದೆ. 1950ರ ದಶಕದ ಮೊದಲಲ್ಲಿ ಅಮೆರಿಕದ ರಿಚರ್ಡ್ ವಿಟ್‌ಕಾಂಬ್ ಇದನ್ನು ತೋರಿಸಿಕೊಟ್ಟರು. ಏರಿಯಾ ರೂಲ್ ಅನ್ನುವುದು ಇದಕ್ಕೇ. ರೆಕ್ಕೆ ಶುರುವಾದ ಕಡೆ ಕೊರೆ ಒಮ್ಮೆಲೇ ದೊಡ್ಡದಾಗುತ್ತದಲ್ಲ, ಅದನ್ನು ಸರಿದೂಗಿಸಲು ಅಲ್ಲಿ ಒಡಲನ್ನು ಸಣ್ಣ ಮಾಡಬೇಕು. ಮಾರುತ್‌ನಲ್ಲೂ ಹಾಗೇ ಮಾಡಿದ್ದಾರೆ. ಮೇಲಿನಿಂದ ನೋಡಿದರೆ ಒಡಲು ನಡುವೆ ಒಳಗೆ ಹೋಗಿ ಮತ್ತೆ ಹೊರಗೆ ಬರುತ್ತದೆ. ಈ ಬಳುಕು ಒಂದು ಕೂದಲು ತಪ್ಪಿದರೂ ಮಾಡೆಲ್ ನೋಡಿದವರು "ಇದು ಯಾವ ವಿಮಾನ?" ಅಂತ ಕೇಳುತ್ತಾರೆ. ಎಷ್ಟು ರಿವೆಟ್ ಹೊಡೆದರೂ ಆಮೇಲೆ ಉಪಯೋಗ ಇಲ್ಲ.

ಮಾಡೆಲ್ ಮಾಡುವವರಲ್ಲಿ ಹಲವರು ಕಾಕ್‌ಪಿಟ್‌ನಿಂದ ಶುರು ಮಾಡುತ್ತಾರೆ. ಸೀಟು, ಬೆಲ್ಟು, ಗಡಿಯಾರದಂಥ ಮೀಟರ್‌ಗಳು. ಮಜಾ ಇರುವುದು ಅಲ್ಲೇ, ನಿಜ. ಆದರೆ ಬುಡದಿಂದ ಕಟ್ಟುವಾಗ ಅದು ಕೊನೆಗೆ ಬರಬೇಕು ಅನ್ನುವುದು ನನ್ನ ಹಟ. ಮೊದಲು ಆಕಾರ. ಆಕಾರಕ್ಕಾಗಿಯೇ ನಾನು ಮರ ಆರಿಸಿಕೊಂಡೆ. ಪ್ಲಾಸ್ಟಿಕ್ ಹಾಳೆಯನ್ನು ಅಡ್ಡ ಹಲಗೆಗಳ ಮೇಲೆ ಸುತ್ತಿ ಒಡಲು ಮಾಡುವ ವಿಧಾನವೂ ಇದೆ. ಆದರೆ ಹಾಳೆ ಒಂದು ದಿಕ್ಕಿಗೆ ಮಾತ್ರ ಬಾಗುತ್ತದೆ. ಸೊಂಟದ ಹತ್ತಿರ ಉದ್ದಕ್ಕೂ ಅಡ್ಡಕ್ಕೂ ಎರಡೂ ಕಡೆ ಬಾಗಬೇಕು. ಮರದಲ್ಲಿ ಆ ತಕರಾರು ಇಲ್ಲ, ಕೆತ್ತುತ್ತಾ ಹೋಗಬಹುದು.

ಮರಕ್ಕೆ ಮೈಸೂರಿನಲ್ಲಿ ದಾರಿ ಹುಡುಕಬೇಕಾಗಿಲ್ಲ. ಬೀಟೆ ಮರದಲ್ಲಿ ಬಣ್ಣಬಣ್ಣದ ಮರದ ಚೂರು ಕೂರಿಸಿ ಚಿತ್ರ ಮಾಡುವ ಇನ್‌ಲೇ ಕೆಲಸ ನಮ್ಮೂರಿನದೇ. ಮಂಡಿ ಮೊಹಲ್ಲಾದ ಕಡೆ ಆ ಕೆಲಸ ಮಾಡುವ ಮೇಸ್ತ್ರಿ ಒಬ್ಬರು ನನಗೆ ಪರಿಚಯ. ಚಿತ್ರ ಬಿಡಿಸಿದ ಹಾಳೆ ಹಿಡಿದು ಹೋದೆ. ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಮೀನಾ ಸಾರ್?"

"ಅಲ್ಲ, ವಿಮಾನ."

"ಹಂಗಾದ್ರೆ ಬೀಟೆ ಬ್ಯಾಡ. ಆಲೆ ತಗೊಳ್ಳಿ. ಕೈ ಹೇಳ್ದಂಗೆ ಕೇಳ್ತದೆ."

ಆಲೆ ಮರ ಅಂದರೆ ಚನ್ನಪಟ್ಟಣದ ಗೊಂಬೆಗಳ ಮರ. ಬಿಳಿ ಬಣ್ಣ, ನುಣುಪು, ಎಳೆ ಸಣ್ಣ. ಹಸಿ ಮರ ಒಣಗುವಾಗ ಕುಗ್ಗಿ ಸೀಳುತ್ತದೆ, ಅದಕ್ಕೆ ಅವರ ಅಟ್ಟದ ಮೇಲೆ ವರ್ಷಗಟ್ಟಲೆ ಬಿದ್ದಿದ್ದ ತುಂಡನ್ನೇ ಕೊಟ್ಟರು. ದುಡ್ಡು ಕೊಡೋಕೆ ಹೋದರೆ "ಆದ್ಮೇಲೆ ತಂದು ತೋರ್ಸಿ ಸಾಕು" ಅಂದರು.

ಇನ್ನೊಂದು ಉಪಾಯವೂ ಅವರಿಂದಲೇ ಬಂತು. ಮರವನ್ನು ಉದ್ದುದ್ದ ಎರಡು ಹೋಳು ಮಾಡಿ, ನಡುವೆ ದಿನಪತ್ರಿಕೆಯ ಕಾಗದ ಇಟ್ಟು ಫೆವಿಕಾಲ್‌ನಲ್ಲಿ ಅಂಟಿಸೋದು. ಕೆತ್ತನೆ ಮುಗಿದ ಮೇಲೆ ಉಳಿ ಇಟ್ಟು ಮೆಲ್ಲಗೆ ತಟ್ಟಿದರೆ ಕಾಗದ ಸೀಳಿ ಎರಡೂ ಹೋಳು ನೀಟಾಗಿ ಬಿಟ್ಟುಕೊಳ್ಳುತ್ತವೆ. ಆಗ ಒಳಗೆ ಕಾಕ್‌ಪಿಟ್‌ಗೆ, ಇಂಜಿನ್ ಬಾಯಿಗೆ ಜಾಗ ತೋಡಬಹುದು. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಆ ಅಂಟಿನ ಗೆರೆ ಕೆತ್ತುವಾಗ ಉದ್ದಕ್ಕೂ ಕಾಣುತ್ತಾ ಇರುತ್ತದೆ. ನಡುಗೆರೆ ಯಾವತ್ತೂ ಕಳೆದುಹೋಗುವುದಿಲ್ಲ.

ಪಕ್ಕದ ಆಕಾರವನ್ನು ಮೊದಲು ಗರಗಸದಲ್ಲಿ ಕತ್ತರಿಸಿ, ಆಮೇಲೆ ಮೇಲಿನ ಆಕಾರ. ಈಗ ಕೈಯಲ್ಲಿರುವುದು ಚೌಕ ಮೈಯ ಮಾರುತ್. ಮೂಲೆಗಳನ್ನು ತೆಗೆಯುವುದಕ್ಕೆ ಟೆಂಪ್ಲೇಟ್ ಬೇಕು. ಒಡಲಿನ ಉದ್ದಕ್ಕೂ ಜಾಗ ಗುರುತು ಮಾಡಿಕೊಂಡು, ಒಂದೊಂದು ಜಾಗದ ಕೊರೆಯ ಅರ್ಧ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿಟ್ಟೆ. ರಟ್ಟನ್ನು ಮರಕ್ಕೆ ಒತ್ತಿ ಬೆಳಕಿಗೆ ಹಿಡಿದರೆ ಎಲ್ಲಿ ಮುಟ್ಟುತ್ತಿದೆಯೋ ಅಲ್ಲಿ ಕತ್ತಲೆ, ಮುಟ್ಟದ ಕಡೆ ಬೆಳಕು. ಕತ್ತಲೆ ಇರುವ ಕಡೆ ಅರ ಹಾಕಬೇಕು. ಮೊದಲು ದೊರಗು ಅರ, ಆಮೇಲೆ 120ರ ಉಪ್ಪುಕಾಗದ, ಆಮೇಲೆ 220. ಉಪ್ಪುಕಾಗದವನ್ನು ಬೆರಳಿಗೆ ಸುತ್ತಿ ಉಜ್ಜಬಾರದು. ಬೆರಳಿನ ಮೆತ್ತನೆ ಭಾಗ ಮರದಲ್ಲಿ ಗುಂಡಿ ಮಾಡುತ್ತದೆ. ಸೊಂಟದ ಒಳಬಾಗಿಗೆ ಒಂದು ದಪ್ಪ ಪೈಪಿನ ತುಂಡಿಗೆ ಸುತ್ತಿಕೊಂಡೆ, ಉಳಿದ ಕಡೆಗೆ ಪಟ್ಟಿ ಕಡ್ಡಿಗೆ ಅಂಟಿಸಿಕೊಂಡೆ.

ಸೊಂಟದ ಕೆಲಸವನ್ನು ನಾನು ರಾತ್ರಿ ಮಾಡುತ್ತಿದ್ದೆ. ಕಾರಣ ಬೆಳಕು. ಟೇಬಲ್ ಲ್ಯಾಂಪನ್ನು ಮರದ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಬೆಳಕು ಬಿಟ್ಟರೆ ಹಗಲಲ್ಲಿ ಕಾಣದ ಏರುತಗ್ಗೆಲ್ಲ ನೆರಳಾಗಿ ಎದ್ದು ಬರುತ್ತದೆ. ಆಮೇಲೆ ಕಣ್ಣು ಮುಚ್ಚಿ ಬೆರಳು ಸವರಬೇಕು. ಕಣ್ಣು ಒಪ್ಪಿದ್ದನ್ನು ಬೆರಳು ಎಷ್ಟೋ ಸಲ ಒಪ್ಪುವುದಿಲ್ಲ.

ರೆಕ್ಕೆಗೆ ಮರ ಹೊಂದುವುದಿಲ್ಲ. ಮಾರುತ್‌ನ ರೆಕ್ಕೆ ತೆಳು, ಹಿಂದಕ್ಕೆ ಬಾಗಿದ್ದು. ಇಷ್ಟು ತೆಳುವಾದ ಮರ ಮಳೆಗಾಲದಲ್ಲಿ ತಿರುಚಿಕೊಳ್ಳುತ್ತದೆ. ಅದಕ್ಕೆ 1 ಮಿ.ಮೀ. ದಪ್ಪದ ಪಾಲಿಸ್ಟೈರೀನ್ ಪ್ಲಾಸ್ಟಿಕ್ ಹಾಳೆ. ಎರಡು ಪದರ, ನಡುವೆ ಹಿತ್ತಾಳೆ ಸಲಾಕೆ. ಆ ಸಲಾಕೆಯ ತುದಿ ಒಡಲಿನೊಳಗೆ ಹೋಗಿ ಅರಲ್ಡೈಟ್‌ನಲ್ಲಿ ಕೂರುತ್ತದೆ. ಮರ ಒಂದು ರೀತಿ ಹಿಗ್ಗುತ್ತದೆ, ಪ್ಲಾಸ್ಟಿಕ್ ಇನ್ನೊಂದು ರೀತಿ. ಬರೀ ಅಂಟಿನ ಮೇಲೆ ನಿಲ್ಲಿಸಿದರೆ ಬೇಸಿಗೆ ಬರುವಷ್ಟರಲ್ಲಿ ಬುಡದಲ್ಲಿ ಬಿರುಕು ಗ್ಯಾರಂಟಿ.

ಪದರಗಳನ್ನು ಅಂಟಿಸಿದ ಮೇಲೆ ಅಸಲಿ ಕೆಲಸ ರೆಕ್ಕೆಯ ಹಿಂದಿನ ಅಂಚು. ಇಲ್ಲೊಂದು ಲೆಕ್ಕ ಯಾವಾಗಲೂ ತಲೆಯಲ್ಲಿರಬೇಕು. ಅರ್ಧ ಮಿ.ಮೀ. ದಪ್ಪ ಅಂದರೆ ನಮಗೆ ತೆಳು ಅನಿಸುತ್ತದೆ. 48ರಿಂದ ಗುಣಿಸಿ ನೋಡಿ, 24 ಮಿ.ಮೀ. ಹೆಚ್ಚುಕಡಿಮೆ ಒಂದು ಇಂಚು! ವಿಮಾನದ ಬಾಗಿಲಿನ ತಗಡು ಒಂದು ಇಂಚು ದಪ್ಪ ಇರುತ್ತದಾ? ಮಾಡೆಲ್ ಒಂದು ಆಟದ ಸಾಮಾನಿನಂತೆ ಕಂಡರೆ ಅದರ ಹಿಂದೆ ಬಹುಪಾಲು ಈ ದಪ್ಪವೇ ಇರುತ್ತದೆ, ಬಣ್ಣ ಅಲ್ಲ. ಹಾಗಾಗಿ ರೆಕ್ಕೆಯ ಹಿಂದಂಚನ್ನು ಬೆಳಕು ಒಳಗೆ ತೂರುವಷ್ಟು ತೆಳು ಮಾಡಿದೆ. ಚಕ್ರದ ಬಾಗಿಲುಗಳಿಗೆ ತಂಪು ಪಾನೀಯದ ಕ್ಯಾನಿನ ತಗಡು. ಅದು ಸುಮಾರು 0.1 ಮಿ.ಮೀ. ದಪ್ಪ, ಲೆಕ್ಕದಲ್ಲಿ 5 ಮಿ.ಮೀ.ಗಿಂತ ಕಡಿಮೆ. ಹಿಂದಿನ ಎರಡು ಇಂಜಿನ್ ಬಾಯಿಯ ಅಂಚಿಗೂ ಅದೇ ತಗಡನ್ನು ಉರುಳಿಸಿ ಹಾಕಿದೆ.

ಮುಂದೆ ಗಾಳಿ ಒಳಗೆ ಹೋಗುವ ಬಾಯಿಗಳು. ಕಾಕ್‌ಪಿಟ್‌ನ ಎರಡು ಪಕ್ಕದಲ್ಲೂ ಅರ್ಧ ಚಂದ್ರದಂತೆ ಇವೆ, ಒಂದೊಂದರ ಒಳಗೆ ಅರ್ಧ ಶಂಕುವಿನ ಆಕಾರದ ಮೊನೆ. ಅತಿ ವೇಗದಲ್ಲಿ ಒಳಬರುವ ಗಾಳಿಯನ್ನು ಇಂಜಿನ್ ತಡೆದುಕೊಳ್ಳುವಷ್ಟು ನಿಧಾನ ಮಾಡುವುದಕ್ಕೆ ಅದು. ಎರಡೂ ಕಡೆಯ ಮೊನೆ ಒಂದೇ ಥರ ಇರಬೇಕು. ಬೇರೆಬೇರೆ ಮಾಡಿದರೆ ಆಗದ ಮಾತು. ಆದ್ದರಿಂದ ಮೇಸ್ತ್ರಿಯ ಕಾಗದದ ಉಪಾಯವನ್ನು ಇಲ್ಲೂ ಹೂಡಿದೆ. ಎರಡು ಕಡ್ಡಿಗಳನ್ನು ಕಾಗದ ಇಟ್ಟು ಅಂಟಿಸಿ, ಡ್ರಿಲ್ ಮೆಷಿನ್‌ಗೆ ಕಚ್ಚಿಸಿ, ತಿರುಗುತ್ತಿರುವಾಗ ಅರ ಹಿಡಿದು ಒಂದೇ ಪೂರ್ತಿ ಶಂಕು ಮಾಡಿದೆ. ಆಮೇಲೆ ಸೀಳಿದರೆ ಎರಡು ಅರ್ಧ, ಅಚ್ಚು ಒಂದೇ ಅಳತೆ. ಗರಗಸದಲ್ಲಿ ಕೊಯ್ದಿದ್ದರೆ ಗರಗಸದ ಹಲ್ಲಿನ ದಪ್ಪದಷ್ಟು ಮರ ಪುಡಿಯಾಗಿ ಹೋಗುತ್ತಿತ್ತು.

ಕ್ಯಾನೊಪಿ, ಅಂದರೆ ಪೈಲಟ್ ತಲೆ ಮೇಲಿನ ಗಾಜಿನ ಮುಚ್ಚಳ, ಅಡುಗೆಮನೆಯಲ್ಲಿ ಆಯಿತು. ಮೊದಲು ಮರದಲ್ಲಿ ಅದರ ಅಚ್ಚು. ಹಾಳೆಯ ದಪ್ಪ ಮೇಲೆ ಸೇರುವುದರಿಂದ ಅಚ್ಚನ್ನು ಅಷ್ಟು ಚಿಕ್ಕದಾಗಿಯೇ ಮಾಡಬೇಕು. ಮರದ ಎಳೆ ಒಂದಿಷ್ಟೂ ಕಾಣಬಾರದು, ಕಂಡರೆ ಬಿಸಿ ಪ್ಲಾಸ್ಟಿಕ್ ಅದನ್ನು ಹಾಗೇ ಅಚ್ಚು ತೆಗೆದುಕೊಳ್ಳುತ್ತದೆ. ಅದಕ್ಕೆ ಅರಗಿನ ಪಾಲಿಶ್, ಮೇಲೆ ತೆಳು ಫೆವಿಕ್ವಿಕ್, ಮೇಲೆ 1000ರ ಕಾಗದದಲ್ಲಿ ನೀರುಜ್ಜು. ಹಾಳೆಗೆ ಬೇರೆಲ್ಲೂ ಹೋಗಬೇಕಾಗಿಲ್ಲ. ಮೈಸೂರು ಪಾಕ್ ಡಬ್ಬಿಯ ಪಾರದರ್ಶಕ ಮುಚ್ಚಳ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಅದನ್ನು ಎರಡು ಪ್ಲೈವುಡ್ ಚೌಕಟ್ಟಿನ ನಡುವೆ ಬಿಗಿದು, ಸಣ್ಣ ಉರಿಯ ಮೇಲೆ ಎತ್ತರದಲ್ಲಿ ಹಿಡಿಯಬೇಕು. ಹಾಳೆ ಮೊದಲು ಹಪ್ಪಳದಂತೆ ಸುರುಟಿಕೊಳ್ಳುತ್ತದೆ, ಆಮೇಲೆ ಮತ್ತೆ ಬಿಗಿಯಾಗುತ್ತದೆ, ಆಮೇಲೆ ಜೋತು ಬೀಳುತ್ತದೆ. ಜೋತು ಬೀಳೋಕೆ ಶುರುವಾದ ಕ್ಷಣ ಅಚ್ಚಿನ ಮೇಲೆ ಒಂದೇ ಏಟಿಗೆ ಕೆಳಗೆ ಒತ್ತಬೇಕು. ತಡ ಮಾಡಿದರೆ ಹಾಳೆ ಮಬ್ಬಾಗುತ್ತದೆ. ಕಿಟಕಿ ತೆರೆದಿರಲಿ, ಹೊಗೆ ಕುಡಿಯಬೇಡಿ.

ಒಂದು ಕ್ಯಾನೊಪಿ ಚೆನ್ನಾಗಿ ಬಂದರೆ ಸಾಲದು. ನಾಲ್ಕಾರು ಮಾಡಿಟ್ಟುಕೊಂಡು ಅದರಲ್ಲಿ ಒಳ್ಳೆಯದನ್ನು ಆರಿಸಬೇಕು. ಹಾಗಾಗಿ ಮನೆಗೆ ಮೈಸೂರು ಪಾಕ್ ಬರುವುದು ಸ್ವಲ್ಪ ಜಾಸ್ತಿಯೇ ಆಯಿತು. "ರೀ, ಸ್ವೀಟ್ ತರೋದು ತಿನ್ನೋಕಾ, ಮುಚ್ಚಳಕ್ಕಾ?" ಅಂತ ನನ್ನ ಹೆಂಡತಿ ಕೇಳಿದಳು. ಎರಡಕ್ಕೂ ಅಂದೆ. ಶುಗರ್ ಚೆಕ್ ಮಾಡಿಸಿ ಅಂದಳು.

ಫಿರಂಗಿಗಳ ಕೆಲಸ ನನಗೆ ತುಂಬಾ ಖುಷಿ ಕೊಟ್ಟಿತು. ಮಾರುತ್‌ನ ಮೂಗಿನಲ್ಲಿ 30 ಮಿ.ಮೀ.ನ ನಾಲ್ಕು ಏಡನ್ ಫಿರಂಗಿಗಳು. 30ನ್ನು 48ರಿಂದ ಭಾಗಿಸಿದರೆ 0.625 ಮಿ.ಮೀ. ಅಷ್ಟು ಸಣ್ಣ ಕೊಳವೆ ಎಲ್ಲಿ ಸಿಗುತ್ತದೆ? ಮೆಡಿಕಲ್ ಸ್ಟೋರ್‌ನಲ್ಲಿ. 20 ಗೇಜ್ ಇಂಜೆಕ್ಷನ್ ಸೂಜಿಯ ಒಳಗಿನ ತೂತು 0.6 ಮಿ.ಮೀ. ಇದಕ್ಕಿಂತ ಹತ್ತಿರದ್ದು ದೇವರಾಣೆಗೂ ಸಿಗದು. ಸೂಜಿಯ ಬುಡದ ಬಣ್ಣದಿಂದಲೇ ಗೇಜ್ ಗೊತ್ತಾಗುತ್ತದೆ. 20ಕ್ಕೆ ಹಳದಿ, 24ಕ್ಕೆ ನೇರಳೆ. 24ರ ಸೂಜಿ 20ರ ಒಳಗೆ ಬಿಗಿಯಾಗಿ ಹೋಗುತ್ತದೆ. ಗಾಳಿಯ ವೇಗ ಅಳೆಯುವ ಪಿಟೊ ಕೊಳವೆಯನ್ನು ಹೀಗೆ ಒಂದರೊಳಗೊಂದು ತೂರಿಸಿ ಮಾಡಿದೆ. ಸೂಜಿ ಕತ್ತರಿಸುವಾಗ ಕಟಿಂಗ್ ಪ್ಲೇಯರ್ ಹಾಕಿದರೆ ಬಾಯಿ ಚಪ್ಪಟೆಯಾಗುತ್ತದೆ. ಸಣ್ಣ ಕಟಿಂಗ್ ಡಿಸ್ಕ್‌ನಲ್ಲಿ ಕೊಯ್ದು, ಆಮೇಲೆ ಕಲ್ಲಿನ ಮೇಲೆ ಉಜ್ಜಬೇಕು. ಕಣ್ಣಿಗೆ ಕನ್ನಡಕ ಕಡ್ಡಾಯ, ಚೂರು ಎಲ್ಲಿಗೆ ಹಾರುತ್ತದೋ ಹೇಳೋಕಾಗಲ್ಲ. ಅಂದಹಾಗೆ ಮೆಡಿಕಲ್ ಸ್ಟೋರ್‌ನವನು ಬರೀ ಸೂಜಿ ಯಾಕೆ, ಅದೂ ಎರಡು ಸೈಜು ಯಾಕೆ ಅಂತ ಸ್ವಲ್ಪ ಅನುಮಾನದಿಂದಲೇ ನೋಡಿದ. ವಿಮಾನದ ಫಿರಂಗಿಗೆ ಅಂದರೆ ಅನುಮಾನ ಇನ್ನೂ ಜಾಸ್ತಿ ಆಗುತ್ತಿತ್ತು. ಸುಮ್ನೆ ಇದ್ದೆ.

ಕಾಕ್‌ಪಿಟ್ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಅಪಾಯದಲ್ಲಿ ಪೈಲಟ್‌ನನ್ನು ಹೊರಗೆ ಚಿಮ್ಮಿಸುವ ಮಾರ್ಟಿನ್-ಬೇಕರ್ ಎಜೆಕ್ಷನ್ ಸೀಟನ್ನು ಹಾಳೆಯಲ್ಲಿ ಕಟ್ಟಿದೆ, ಬೆಲ್ಟುಗಳಿಗೆ ಮುಲಾಮಿನ ಟ್ಯೂಬಿನ ತಗಡು. ಮುಚ್ಚಳ ಮುಚ್ಚಿಯೇ ಇಟ್ಟೆ, ಮೂಗಿನಿಂದ ಬೆನ್ನಿನವರೆಗಿನ ಆ ಗೆರೆ ಮುರಿಯಬಾರದು ಅಂತ. ಒಳಗೆ ಕಾಣುವುದು ಸೀಟಿನ ತಲೆ ಮತ್ತು ಬೆಲ್ಟು, ಅಷ್ಟೇ ಮಾಡಿದೆ. ಚಕ್ರದ ಕಾಲುಗಳಿಗೆ ಹಿತ್ತಾಳೆ ಕೊಳವೆ, ಒಳಗೆ ಉಕ್ಕಿನ ಸಲಾಕೆ. ಮೂಗಿನೊಳಗೆ ಗಾಳದ ಸೀಸದ ಗುಂಡು ತುಂಬಿದೆ, ಇಲ್ಲದಿದ್ದರೆ ಬಾಲದ ಮೇಲೆ ಕೂರುತ್ತಿತ್ತು.

ಒಡಲು ಸೇರಿಸಿ, ರೆಕ್ಕೆ ಕೂರಿಸಿದ ಮೇಲೆ ಮೈ ಗಟ್ಟಿ ಮಾಡುವ ಕೆಲಸ. ಮರದ ಮೇಲೆ ನೇರವಾಗಿ ಗೆರೆ ಕೊರೆದರೆ ಸೂಜಿ ಎಳೆಯ ದಾರಿ ಹಿಡಿದು ಪಕ್ಕಕ್ಕೆ ಹೋಗುತ್ತದೆ. ಅದಕ್ಕೆ ಅರಗು ಹಚ್ಚಿ, ಫೆವಿಕ್ವಿಕ್ ಕುಡಿಸಿ, ಆಟೋ ಪೇಂಟ್ ಅಂಗಡಿಯ ಸರ್ಫೇಸರ್ (ತಳಬಣ್ಣ) ಹೊಡೆದು, ನೀರುಜ್ಜಿ, ಮತ್ತೆ ಹೊಡೆದು, ಮತ್ತೆ ಉಜ್ಜಿ ಕಲ್ಲಿನಷ್ಟು ಗಟ್ಟಿ ಮಾಡಿದೆ. ಆಮೇಲೆ ದಪ್ಪ ಲೇಬಲ್ ಟೇಪನ್ನು ಪಟ್ಟಿಯಂತೆ ಅಂಟಿಸಿ, ಹಿಡಿಗೆ ಸಿಕ್ಕಿಸಿದ ಹೊಲಿಗೆ ಸೂಜಿಯಿಂದ ತಗಡಿನ ಸಂದುಗಳನ್ನು ಕೊರೆದೆ. ಒತ್ತಿ ಒಂದು ಸಲ ಎಳೆಯುವುದಲ್ಲ, ಭಾರ ಹಾಕದೆ ನಾಲ್ಕೈದು ಸಲ.

ಇಲ್ಲಿ ನನ್ನದೊಂದು ತಕರಾರಿದೆ. ನಿಜವಾದ ವಿಮಾನದ ತಗಡಿನ ಸಂದು 1 ಮಿ.ಮೀ. ಅಂದುಕೊಂಡರೂ 1/48ರಲ್ಲಿ ಅದು 0.02 ಮಿ.ಮೀ. ಕಣ್ಣಿಗೆ ಕಾಣುವುದೇ ಇಲ್ಲ. ಅಂದರೆ ನಾವು ಕೊರೆಯುವ ಪ್ರತಿ ಗೆರೆಯೂ ಸುಳ್ಳು. ಸುಳ್ಳು ಹೇಳಲೇಬೇಕು, ಇಲ್ಲದಿದ್ದರೆ ಮಾಡೆಲ್ ಬೋಳಾಗಿ ಕಾಣುತ್ತದೆ. ಆದರೆ ಈಗಿನ ಮಾಡೆಲ್‌ಗಳಲ್ಲಿ ಹೊಲ ಉತ್ತ ಹಾಗೆ ಗೆರೆ ಹೊಡೆದು, ಅದರೊಳಗೆ ಕಪ್ಪು ಮಸಿ ತುಂಬುತ್ತಾರೆ. ನನಗೆ ಅದು ಹಿಡಿಸುವುದಿಲ್ಲ. ರಿವೆಟ್‌ಗಳನ್ನು ಫೋಟೋದಲ್ಲಿ ಸ್ಪಷ್ಟವಾಗಿ ಕಂಡ ಕಡೆ ಮಾತ್ರ ಹೊಡೆದೆ. ಉಳಿದ ಕಡೆ ಬಿಟ್ಟೆ.

ಬಣ್ಣಕ್ಕೆ ಬೆಳ್ಳಿ ಮೈ ಆರಿಸಿಕೊಂಡೆ, ಹಳೆಯ ಕಪ್ಪು-ಬಿಳುಪು ಫೋಟೋಗಳಲ್ಲಿ ಮಿಂಚುವ ಮಾರುತ್‌ನಂತೆ. ಬೆಳ್ಳಿ ಬಣ್ಣ ಚಾಡಿಕೋರ. ಕೆಳಗೆ ಒಂದು ಗೀರಿದ್ದರೂ ಎಲ್ಲರಿಗೂ ಹೇಳಿಬಿಡುತ್ತದೆ. ಮೊದಲು ಹೊಳೆಯುವ ಕಪ್ಪು, ಅದು ಪೂರ್ತಿ ಒಣಗಿದ ಮೇಲೆ ತೆಳುವಾಗಿ ಬೆಳ್ಳಿ. ಕಪ್ಪಿನ ಮೇಲೆ ಕೂತ ಬೆಳ್ಳಿಗೆ ಲೋಹದ ಆಳ ಬರುತ್ತದೆ. ಕೆಲವು ತಗಡುಗಳಿಗೆ ಒಂದು ಹನಿ ಕಪ್ಪು ಬೆರೆಸಿ ಛಾಯೆ ಬದಲಿಸಿದೆ, ಇಂಜಿನ್ ಸುತ್ತ ಇನ್ನೂ ಸ್ವಲ್ಪ ಗಾಢ.

ಮೈಸೂರಿನಲ್ಲಿ ಬಣ್ಣ ಹೊಡೆಯುವವರು ಪಂಚಾಂಗವನ್ನೂ ನೋಡಬೇಕು. ಆಷಾಢದಲ್ಲಿ ಗಾಳಿ. ಚಾಮುಂಡಿ ಬೆಟ್ಟಕ್ಕೆ ಜನ ಹತ್ತುವ ಶುಕ್ರವಾರಗಳಲ್ಲಿ ನನ್ನ ಮಹಡಿ ಮೇಲೆ ಧೂಳು ಹತ್ತುತ್ತದೆ. ಶ್ರಾವಣದಲ್ಲಿ ತೇವ. ಗಾಳಿಯಲ್ಲಿ ತೇವ ಇದ್ದಾಗ ಲ್ಯಾಕರ್ ಬಣ್ಣ ಹೊಡೆದರೆ ಥಿನ್ನರ್ ಬೇಗ ಆರಿ ಮೈ ತಣ್ಣಗಾಗುತ್ತದೆ, ನೀರಿನ ಪಸೆ ಕೂತು ಬಣ್ಣ ಬಿಳಿಚಿಕೊಳ್ಳುತ್ತದೆ. ನಾನು ಮಳೆ ನಿಂತು ಬಿಸಿಲು ಬರುವವರೆಗೆ ಮಾಡೆಲ್ಲನ್ನು ಡಬ್ಬಿಯಲ್ಲಿ ಮುಚ್ಚಿಟ್ಟು ಕಾದೆ. ಕಾಯುವಾಗ ವಾಯುಪಡೆಯ ವೃತ್ತಗಳ ಮಾಸ್ಕ್ ಕತ್ತರಿಸಿಟ್ಟುಕೊಂಡೆ. ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಇವನ್ನು ಅಂಟಿಸುವುದಕ್ಕಿಂತ ಬಣ್ಣ ಹೊಡೆಯುವುದೇ ವಾಸಿ. ಪ್ರಿಂಟರ್ ಬಿಳಿ ಬಣ್ಣ ಹಾಕುವುದಿಲ್ಲವಲ್ಲ. ಕಪ್ಪು ಅಕ್ಷರ, ಅಂಕಿಗಳನ್ನು ಮಾತ್ರ ಡೆಕಾಲ್ ಹಾಳೆಯ (ನೀರಲ್ಲಿ ನೆನೆಸಿ ಅಂಟಿಸುವ ತೆಳು ಸ್ಟಿಕ್ಕರ್) ಮೇಲೆ ಲೇಸರ್ ಪ್ರಿಂಟ್ ಹಾಕಿಸಿದೆ.

ನಮ್ಮ ಕುವೆಂಪುನಗರದ ಬೀದಿಯಲ್ಲಿ ವಾಯುಪಡೆಯಲ್ಲಿ ನೆಲದ ಮೇಲಿನ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಹೊಗೆ, ಎಣ್ಣೆ, ಮಣ್ಣಿನ ಕಲೆ ಹಾಕುವ ಮೊದಲು ಅವರಿಗೆ ತೋರಿಸಿದೆ. ಮಾಡೆಲ್ ಪ್ರಪಂಚದಲ್ಲಿ ಈಗ ಎಲ್ಲರೂ ವಿಮಾನವನ್ನು ಗುಜರಿ ಲಾರಿಯ ಮಟ್ಟಕ್ಕೆ ಕೊಳಕು ಮಾಡುತ್ತಾರೆ ಅಂತ ಹೇಳಿ ಕೆಲವು ಫೋಟೋ ತೋರಿಸಿದೆ. ಅವರಿಗೆ ಸಿಟ್ಟೇ ಬಂತು.

"ಏನಪ್ಪಾ ಇದು? ದಿನಾ ಒರೆಸ್ತಿದ್ವಿ ನಾವು. ಹಿಂಗಿಟ್ಟಿದ್ರೆ ಸಾಹೇಬರು ಬಿಡ್ತಿದ್ರಾ?"

ಆಮೇಲೆ ಕನ್ನಡಕ ಹಾಕಿಕೊಂಡು ಮಾಡೆಲ್ಲಿನ ಕೆಳಗೆಲ್ಲ ಬಗ್ಗಿ ನೋಡಿದರು. ಕೊಳೆ ಬೇಕೇ ಬೇಕು ಅಂದರೆ ಪೈಲಟ್ ಹತ್ತುವ ಕಡೆ ಬೂಟಿನ ಉಜ್ಜು, ಎಣ್ಣೆ ತುಂಬುವ ಮುಚ್ಚಳದ ಸುತ್ತ ಒಂದಿಷ್ಟು ಒರೆಸಿದ ಗುರುತು, ಇಂಜಿನ್ ಬಾಯಿಯ ಹತ್ತಿರ ಮಸಿ. ಅಷ್ಟೇ ಅಂದರು. ಅಷ್ಟನ್ನೇ ಮಾಡಿದೆ. ಫಿರಂಗಿ ಬಾಯಿಯ ಹಿಂದೆ ಹೊಗೆ ಬೇಡವಾ ಅಂತ ಕೇಳಿದ್ದಕ್ಕೆ, "ಹಾರ್ಸಿದ ದಿನ ಇರುತ್ತೆ. ಮಾರನೇ ದಿನ ಇರಲ್ಲ" ಅಂದರು. ನನ್ನ ಮಾರುತ್ ಮಾರನೇ ದಿನದ್ದು.

ದಸರೆಗೆ ಅತ್ತಿಗೆ ಅದನ್ನು ಬೊಂಬೆ ಹಸೆಯ ಮೇಲೆ ಇಡೋಣ ಅಂದರು. ಪಟ್ಟದ ಗೊಂಬೆಗಳಿಂದ ಎರಡು ಮೆಟ್ಟಿಲು ಕೆಳಗೆ, ತರಕಾರಿ ಮಾರುವವಳ ಪಕ್ಕ ಜಾಗ ಸಿಕ್ಕಿತು. ಗಾಜಿನ ಪೆಟ್ಟಿಗೆ ಇಲ್ಲದೆ ಇಡುವುದಿಲ್ಲ ಅಂತ ನಾನು ಹಟ ಹಿಡಿದೆ. ಬೊಂಬೆ ನೋಡೋಕೆ ಬರುವ ಮಕ್ಕಳು ಮೊದಲು ಮುಟ್ಟುವುದು ಪಿಟೊ ಕೊಳವೆಯನ್ನೇ ಅಲ್ವಾ. ಒಬ್ಬ ಹುಡುಗ ಇದು ಹಾರುತ್ತಾ ಅಂತ ಕೇಳಿದ. ಇಲ್ಲ ಅಂದೆ. ಹಾಗಾದರೆ ಯಾಕೆ ಮಾಡಿದ್ರಿ ಅಂದ. ಚಕ್ಕುಲಿ ಕೊಟ್ಟು ಕಳಿಸಿದೆ.

ಮಾತು ಕೊಟ್ಟಂತೆ ಮಂಡಿ ಮೊಹಲ್ಲಾಕ್ಕೂ ತೆಗೆದುಕೊಂಡು ಹೋಗಿದ್ದೆ. ಮೇಸ್ತ್ರಿ ಬಣ್ಣದ ಕಡೆ ನೋಡಲೇ ಇಲ್ಲ. ಸೊಂಟದ ಮೇಲೆ ಹೆಬ್ಬೆರಳು ಸವರಿ, "ಇಲ್ಲಿ ಚೆನ್ನಾಗಿ ಬಂದದೆ" ಅಂದರು. ಮುಂದೇನು ಅಂತ ಕೇಳಿದರು. ಮಾರುತ್ ಹಾರುವ ಮೊದಲು ಅದೇ ಆಕಾರದ, ಅದೇ ಅಳತೆಯ ಒಂದು ಗ್ಲೈಡರ್ ಮಾಡಿದ್ದರು, ಎಚ್‌ಎಫ್-001 ಅಂತ. 1959ರಲ್ಲಿ ಡಕೋಟಾ ವಿಮಾನಕ್ಕೆ ಕಟ್ಟಿ ಮೇಲಕ್ಕೆ ಎಳೆದುಕೊಂಡು ಹೋಗಿ ಬಿಡುತ್ತಿದ್ದರು. ಇಂಜಿನ್ ಇಲ್ಲ, ಎರಡು ಸೀಟು, ಪೂರ್ತಿ ಮರದ್ದು. ನನ್ನ ಟೆಂಪ್ಲೇಟ್‌ಗಳು ಬಹುಪಾಲು ಅದಕ್ಕೂ ನಡೆಯುತ್ತವೆ, ಹಾಗಾಗಿ ಮುಂದಿನದು ಅದೇ ಅಂದೆ.

"ನಿಜವಾದ್ದೂ ಮರದ್ದೇನಾ?" ಅಂತ ಎರಡು ಸಲ ಕೇಳಿದರು. ಹೌದು ಅಂದ ಮೇಲೆ ಎದ್ದು ಹೋಗಿ ಒಳಗಿನಿಂದ ಬೀಟೆಯ ಒಂದು ತುಂಡು ತಂದಿಟ್ಟರು. ಇದರಲ್ಲೇ ಮಾಡೋಣ, ವೃತ್ತಗಳನ್ನು ನಾನು ಇನ್‌ಲೇ ಮಾಡಿಕೊಡ್ತೀನಿ, ಬಣ್ಣದ ಗೊಡವೆನೇ ಬ್ಯಾಡ ಅಂದರು. ಬೀಟೆ ಗಟ್ಟಿ, ಭಾರ, ಇಷ್ಟು ಸಣ್ಣ ಆಕಾರಕ್ಕೆ ಎಳೆ ದಪ್ಪ ಕಾಣುತ್ತದೆ, ಆಲೆಯೇ ಇರಲಿ ಅಂದೆ. ಇನ್ನೂ ಒಪ್ಪಿಲ್ಲ ಅವರು.